ತಾಮ್ರದ ತಗಡಿಗೆ ದನಿ ಕೊಟ್ಟ ಮೇಷ್ಟ್ರು

ಶನಿವಾರ ಬೆಳಗಿನ ಜಾವ ನಮ್ಮ ಹೊಸೂರು, ಬಾಗಲೂರು, ಬೇರಿಗೆ, ಶೂಲಗಿರಿ ಕಡೆ ಯಾವ ಊರು ಹಾದು ಹೋದರೂ ಗುಡಿಯ ಮೈಕಿನಿಂದ ಅನ್ನಮಾಚಾರ್ಯರ ಕೀರ್ತನೆ ಒಂದಾದರೂ ಕಿವಿಗೆ ಬೀಳುತ್ತದೆ. ಹೂವಿನ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಟೆಂಪೋ ಡ್ರೈವರಿಗೂ ಎರಡು ಸಾಲು ಬಾಯಿಗೆ ಬರುತ್ತದೆ. ಮನೆಯಲ್ಲಿ ತೆಲುಗು ಆಡುವವರು ಅದು ನಮ್ಮದು ಅನ್ನುತ್ತಾರೆ. ಕನ್ನಡದವರು ಪುರಂದರದಾಸರ ಪದದ ಪಕ್ಕದಲ್ಲೇ ಇಟ್ಟು ಹಾಡುತ್ತಾರೆ. ತಮಿಳಿನವರೂ ಬೇಡ ಅನ್ನುವುದಿಲ್ಲ. ಐನೂರು ವರ್ಷದಿಂದ ಇದೇ ಧಾಟಿಯಲ್ಲಿ ಹಾಡಿಕೊಂಡು ಬಂದದ್ದು ಅಂತಲೇ ನಾವೆಲ್ಲ ತಿಳಿದಿರುವುದು. ಹಾಗಲ್ಲ. 1950ರ ಹಿಂದೆ ಈ ಹಾಡುಗಳಲ್ಲಿ ಬಹುಪಾಲಿಗೆ ಧಾಟಿಯೇ ಇರಲಿಲ್ಲ. ಧಾಟಿ ಹಾಕಿ ಜನರ ಬಾಯಿಗೆ ಕೊಟ್ಟವರಲ್ಲಿ ಮೊದಲಿಗರು ಒಬ್ಬ ಮೇಷ್ಟ್ರು. ಅದೂ ಮೈಸೂರಿನಲ್ಲಿ 37 ವರ್ಷ ತೆಲುಗು ಪಾಠ ಹೇಳಿದ ಮೇಷ್ಟ್ರು. ಅವರೇ ರಾಳ್ಲಪಲ್ಲಿ ಅನಂತಕೃಷ್ಣಶರ್ಮರು.

ಈ ಸಂಗತಿ ನನಗೆ ಮೊದಲು ತಿಳಿದದ್ದು ಪುಸ್ತಕದಿಂದಲ್ಲ. ನಮ್ಮ ಕನ್ನಡ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದ ಅಯ್ನೋರು ಹೇಳಿದ್ದು. ಇವತ್ತು ನಾನು ಹೊಲ ಉತ್ತು, ರಾಗಿ ಟೊಮೆಟೊ ಬೆಳೆದು, ನಡುವೆ ಸಮಯ ಸಿಕ್ಕಾಗ ಎರಡು ಭಾಷೆಯಲ್ಲೂ ಅಷ್ಟಿಷ್ಟು ಪದ್ಯ ಬರೆಯುತ್ತೇನೆ ಅಂದರೆ ಅದಕ್ಕೆ ಕಾರಣ ಆ ಅಯ್ನೋರು. ಅವರ ಹೆಸರು ಹಾಕಬೇಡ ಅಂತ ಮನೆಯವರು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ರಾಳ್ಲಪಲ್ಲಿಯವರ ಹೆಸರು ಹೇಳಿದರೆ ಅವರ ಹೆಸರು ಹೇಳಿದಷ್ಟೇ ಅವರಿಗೆ ಸಂತೋಷವಾಗುತ್ತಿತ್ತು, ಅದು ನನಗೆ ಗೊತ್ತು.

ನಾನು ಆರನೇ ಕ್ಲಾಸಿಗೆ ಸೇರಿದ್ದು 1980ರಲ್ಲಿ. ಆಗ ನಮ್ಮದು ಧರ್ಮಪುರಿ ಜಿಲ್ಲೆ. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಮನೆಯಲ್ಲಿ ಅಮ್ಮ, ಅವ್ವ ಎಲ್ಲರದೂ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಇದು ಈ ಸೀಮೆಯ ಹುಡುಗರಿಗೆ ಹೊಸದಲ್ಲ, ಹೇಳಿಕೊಳ್ಳುವ ದೊಡ್ಡ ಮಾತೂ ಅಲ್ಲ. ಆ ಅಯ್ನೋರನ್ನು ಕನ್ನಡದ ಹುಡುಗರು 'ಹಾಡಿನ ಅಯ್ನೋರು' ಅಂತಲೂ, ನಮ್ಮಂಥ ತೆಲುಗು ಮನೆಯವರು 'ಪಾಟಲ ಅಯ್ಯವಾರು' ಅಂತಲೂ, ಪೇಟೆಯ ತಮಿಳು ಹುಡುಗರು 'ಪಾಟ್ಟು ವಾತ್ಯಾರ್' ಅಂತಲೂ ಕರೆಯುತ್ತಿದ್ದರು. ಮೂರಕ್ಕೂ ಅವರು ತಿರುಗಿ ನೋಡುತ್ತಿದ್ದರು. ಕರೆದ ಭಾಷೆಯಲ್ಲೇ ಮಾತಾಡುತ್ತಿದ್ದರು. ಅವರ ಸ್ವಂತ ಮನೆಮಾತು ಯಾವುದು ಅಂತ ನಮಗೆ ಮೂರು ವರ್ಷ ತಿಳಿಯಲೇ ಇಲ್ಲ. ತಿಳಿದಾಗ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಅವರ ಹತ್ತಿರ ಇದ್ದದ್ದು ಒಂದು ಹಳೇ ಹಾರ್ಮೋನಿಯಂ. ತಿದಿಗೆ ಸೈಕಲ್ ಟ್ಯೂಬಿನ ತೇಪೆ ಹಾಕಿತ್ತು. ಮಳೆಗಾಲದಲ್ಲಿ ಒಂದೆರಡು ಮನೆ ಒತ್ತಿದರೆ ಮೇಲೇಳುತ್ತಿರಲಿಲ್ಲ. "ಬಿಡ್ರೋ, ಆ ಸ್ವರ ಇಲ್ದೇ ಇರೋ ರಾಗ ಹಾಡೋಣ" ಅನ್ನುತ್ತಿದ್ದರು. ತಮಾಷೆಗೆ ಹೇಳಿದ್ದೋ ನಿಜಕ್ಕೂ ಹೇಳಿದ್ದೋ, ಹಾಗೆ ಹಾಡಿದ್ದೂ ಉಂಟು.

ಐದು ಸ್ವರ, ಮೂರು ಭಾಷೆ

ತಮಿಳುನಾಡಿನಲ್ಲಿ ಶಾಲೆಯ ಪ್ರಾರ್ಥನೆಗೆ, ಸರ್ಕಾರಿ ಸಮಾರಂಭಕ್ಕೆ 'ತಮಿಳ್ ತಾಯ್ ವಾಳ್ತು' ಹಾಡುವ ಪದ್ಧತಿ 1970ರಿಂದ ಬಂದದ್ದು. ಮನೋನ್ಮಣೀಯಂ ಸುಂದರಂ ಪಿಳ್ಳೆಯವರ ಪದ್ಯ, ಎಂ.ಎಸ್. ವಿಶ್ವನಾಥನ್ ಅವರ ಸಂಗೀತ, ಮೋಹನ ರಾಗ, ತಿಶ್ರ ನಡೆ. ಕನ್ನಡ ಶಾಲೆಯ ನಮಗೆ ಅದರ ಅರ್ಥ ಅರ್ಧ ಮಾತ್ರ ಗೊತ್ತು. ಬಹಳ ಶಾಲೆಗಳಲ್ಲಿ ಹುಡುಗರು ಅದನ್ನು ಗುಣುಗುಣು ಅಂದು ಮುಗಿಸುತ್ತಿದ್ದರು. ನಮ್ಮ ಅಯ್ನೋರು ಬಿಡಲಿಲ್ಲ. ಒಂದು ವಾರ ಪೂರ್ತಿ ಅದೊಂದನ್ನೇ ತಿದ್ದಿದರು. ಸ್ಪಷ್ಟವಾಗಿ, ಶ್ರುತಿಗೆ ಸೇರಿಸಿ ಹಾಡುವ ತನಕ ಮುಂದಿನ ಪಾಠವಿಲ್ಲ. ಕನ್ನಡ ಶಾಲೆಯಲ್ಲಿ ತಮಿಳು ಹಾಡಿಗೆ ಯಾಕಿಷ್ಟು ಅಂತ ಊರಿನ ಹಿರಿಯರೊಬ್ಬರು ಕೇಳಿಯೂ ಕೇಳಿದರು. ಅದಕ್ಕೆ ಅಯ್ನೋರು, "ಗೌಡ್ರೇ, ಪಕ್ಕದ ಮನೆಯವರ ಹಬ್ಬಕ್ಕೆ ಹೋಗಿ ಅರ್ಧ ಊಟ ಮಾಡಿ ಎದ್ದು ಬರ್ತೀರಾ?" ಅಂದರು. ಗೌಡರು ನಕ್ಕು ಸುಮ್ಮನಾದರು.

ಮುಂದಿನ ವಾರ ಅದೇ ಮೋಹನವನ್ನು ಹಿಡಿದು ಪಾಠ ಶುರು. ಸ ರಿ ಗ ಪ ದ, ಐದೇ ಸ್ವರ. ಮ ಇಲ್ಲ, ನಿ ಇಲ್ಲ. ಸಂಗೀತಕ್ಕೆ ಕೂತವರು ಮೊದಮೊದಲು ಕಲಿಯುವ ಗೀತೆಗಳಲ್ಲಿ ಒಂದು ಇದೇ ರಾಗದ್ದು. ಆಮೇಲೆ ಕನ್ನಡದ ಒಂದು ದೇವರನಾಮ, ನಮ್ಮ ಕಡೆಯ ಹೆಂಗಸರು ಹಾಡುವ ಒಂದು ತೆಲುಗು ಕೋಲಾಟದ ಪದ, ಎರಡನ್ನೂ ಮೋಹನಕ್ಕೆ ಕೂರಿಸಿ ಕಲಿಸಿದರು. ಆ ವರ್ಷ ಆಗಸ್ಟ್ ಹದಿನೈದಕ್ಕೆ ಮೂರು ಭಾಷೆಯ ಮೂರು ಹಾಡನ್ನು ನಡುವೆ ನಿಲ್ಲಿಸದೆ ಒಂದೇ ಶ್ರುತಿಯಲ್ಲಿ ಹಾಡಿದೆವು. ಕೆಳಗೆ ಕೂತಿದ್ದ ಮಂಡಿ ವ್ಯಾಪಾರಿಗಳು, ರೈತರು, ಅವರವರ ಭಾಷೆ ಬಂದಾಗ ಅವರವರು ನೆಟ್ಟಗೆ ಕೂರುವುದನ್ನು ನಾನು ವೇದಿಕೆಯಿಂದ ನೋಡಿದೆ. ಕೊನೆಗೆ ಯಾರಿಗೂ ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತು ಅಂತ ಹೇಳಲಾಗಲಿಲ್ಲ.

ಇನ್ನೊಂದು ಮಾತು. ಟೊಮೆಟೊ ಲೋಡು ಹಾಕಿಕೊಂಡು ಮದನಪಲ್ಲಿ ಮಾರ್ಕೆಟ್ಟಿಗೆ ಹೋಗುವವರು ನಮ್ಮಲ್ಲಿ ಎಷ್ಟೋ ಜನ. 'ಜನ ಗಣ ಮನ'ದ ಧಾಟಿಗೆ ಸ್ವರಲಿಪಿ ಬರೆದಿಟ್ಟದ್ದು ಅದೇ ಮದನಪಲ್ಲಿಯ ಥಿಯೊಸಾಫಿಕಲ್ ಕಾಲೇಜಿನಲ್ಲಿ ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ! 1919ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿ ತಂಗಿದ್ದಾಗ ಅದನ್ನು ಹಾಡಿ ತೋರಿಸಿದರು. ಪ್ರಿನ್ಸಿಪಾಲ್ ಜೇಮ್ಸ್ ಕಸಿನ್ಸ್ ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಐರ್ಲೆಂಡಿನವರು, ಸಂಗೀತ ಓದಿದವರು. ಅವರು ಅದಕ್ಕೆ ಸ್ವರಲಿಪಿ ಬರೆದರು. ಐರ್ಲೆಂಡಿನ ಹೆಂಗಸು, ಬಂಗಾಳಿ ಕವಿ, ರಾಯಲಸೀಮೆಯ ಕಾಲೇಜು. ನಮ್ಮ ಅಯ್ನೋರು ಪ್ರತಿ ಗಣರಾಜ್ಯೋತ್ಸವಕ್ಕೂ ಈ ಕಥೆ ಹೇಳುತ್ತಿದ್ದರು, ಮತ್ತೆ ಮದನಪಲ್ಲಿ ಎಷ್ಟು ಮೈಲಿ ಅಂತ ನಮ್ಮನ್ನೇ ಕೇಳುತ್ತಿದ್ದರು.

ಹಾಡೋಕಾಗದಿದ್ರೆ ಹಾಡು ಬರಿ

ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ನನ್ನ ಗಂಟಲು ಒಡೆಯಿತು. ಮೇಲಿನ ಷಡ್ಜಕ್ಕೆ ಹೋದರೆ ಕೋಳಿ ಕೂಗಿದ ಹಾಗೆ ಆಗುತ್ತಿತ್ತು. ಉಳಿದ ಹುಡುಗರು ನಗುತ್ತಿದ್ದರು. ನಾನು ಹಾಡಿನ ಪೀರಿಯಡ್ಡಿಗೆ ಹೋಗುವುದನ್ನೇ ಬಿಟ್ಟು ಮಾವಿನ ತೋಪಿನಲ್ಲಿ ಕೂರತೊಡಗಿದೆ. ಮೂರನೇ ದಿನ ಅಯ್ನೋರು ತೋಪಿಗೇ ಬಂದರು. ಬೈಯಲಿಲ್ಲ. "ಲೋ, ಹಾಡೋಕಾಗದಿದ್ರೆ ಹಾಡು ಬರಿ. ಗಂಟಲು ಇನ್ನೆರಡು ವರ್ಷದಲ್ಲಿ ಸರಿ ಹೋಗುತ್ತೆ, ಅಲ್ಲೀವರೆಗೂ ಕೈಗೇನು ಬಂದಿದೆ ರೋಗ?" ಅಂದರು. ಅಲ್ಲೇ ಕೂತು ತಾಳ ಹಾಕುತ್ತ ಪದ್ಯದ ಲೆಕ್ಕ ಹೇಳಿಕೊಟ್ಟರು.

ತೆಲುಗಿನ ವೇಮನ ಬಹುವಾಗಿ ಹಾಡಿದ್ದು ಆಟವೆಲದಿಯಲ್ಲಿ, ನಮ್ಮ ಸರ್ವಜ್ಞ ಹಾಡಿದ್ದು ತ್ರಿಪದಿಯಲ್ಲಿ. ಆಟವೆಲದಿಗೆ ನಾಲ್ಕು ಸಾಲು. ಒಂದು ಮತ್ತು ಮೂರನೆಯ ಸಾಲಿನಲ್ಲಿ ಮೂರು ಸೂರ್ಯಗಣ, ಎರಡು ಇಂದ್ರಗಣ. ಎರಡು ಮತ್ತು ನಾಲ್ಕನೆಯ ಸಾಲಿನಲ್ಲಿ ಐದೈದು ಸೂರ್ಯಗಣ. ತ್ರಿಪದಿಗೆ ಮೂರು ಸಾಲು, ಒಟ್ಟು 11 ಗಣ. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದಿದ್ದರೆ ನನಗೆ ಇದು ಈ ಜನ್ಮಕ್ಕೆ ಹತ್ತುತ್ತಿರಲಿಲ್ಲ. ಅಯ್ನೋರು ತೊಡೆ ತಟ್ಟಿ, ಮೊದಲು ವೇಮನನನ್ನು ಹಾಡಿ, ಆಮೇಲೆ ಸರ್ವಜ್ಞನನ್ನು ಹಾಡಿ, "ತೆಲುಗಿನೋರು ಸೂರ್ಯ, ಇಂದ್ರ ಅಂತಾರೆ. ಕನ್ನಡದೋರು ಬ್ರಹ್ಮ, ವಿಷ್ಣು ಅಂತಾರೆ. ಹೆಸರು ಬೇರೆ, ಕುಲ ಒಂದೇ" ಅಂದರು. ಎರಡೂ ಹಾಡುವುದಕ್ಕೆ ಹುಟ್ಟಿದ ಪದ್ಯಗಳು, ಅಕ್ಷರ ಎಣಿಸುವುದಕ್ಕೆ ಹುಟ್ಟಿದ್ದಲ್ಲ ಅಂತ ನನ್ನ ಕೈಗೆ ತಿಳಿಯಿತು. ತಲೆಗೆ ತಿಳಿದದ್ದು ಬಹಳ ವರ್ಷದ ಮೇಲೆ.

ಆ ದಿನವೇ ಅವರು ಮೊದಲ ಸಲ ರಾಳ್ಲಪಲ್ಲಿಯವರ ಹೆಸರು ಎತ್ತಿದ್ದು. ವೇಮನನ ಮೇಲೆ ಉಪನ್ಯಾಸ ಮಾಡಿ ಪುಸ್ತಕ ಬರೆದವರು, ಹಾಗೇ ಸಂಗೀತವನ್ನೂ ಅರೆದು ಕುಡಿದವರು ಅಂತ.

ಮೈಸೂರಿನ ತೆಲುಗು ಮೇಷ್ಟ್ರು

ಅನಂತಕೃಷ್ಣಶರ್ಮರು ಹುಟ್ಟಿದ್ದು 1893ರಲ್ಲಿ, ಅನಂತಪುರ ಜಿಲ್ಲೆಯ ರಾಳ್ಲಪಲ್ಲಿಯಲ್ಲಿ. ಅದೂ ಗಡಿಯ ಊರೇ, ಕನ್ನಡ ಸೀಮೆಗೆ ಹತ್ತಿರ. ಸಂಸ್ಕೃತ ಓದಲು ಮೈಸೂರಿಗೆ ಬಂದು ಪರಕಾಲ ಮಠದಲ್ಲಿ ಕಲಿತರು. ಅಲ್ಲಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರ ಕಣ್ಣಿಗೆ ಬಿದ್ದು 1912ರಲ್ಲಿ ಮಹಾರಾಜ ಕಾಲೇಜಿಗೆ ತೆಲುಗು ಪಂಡಿತರಾದರು. ಆಗ ಅವರಿಗೆ 19 ವರ್ಷ. 1949ರಲ್ಲಿ ನಿವೃತ್ತಿಯಾಗುವ ತನಕ ಕನ್ನಡದ ಊರಿನಲ್ಲಿ ತೆಲುಗು ಪಾಠವೇ. ಪ್ರಾಕೃತದ ಗಾಥಾಸಪ್ತಶತಿಯನ್ನು ತೆಲುಗಿಗೆ ತಂದರು. ಕನ್ನಡದಲ್ಲಿ 'ಗಾನಕಲೆ' ಬರೆದರು.

ಸಂಗೀತವನ್ನು ಅವರು ಕಲಿತದ್ದು ಬಿಡಾರಂ ಕೃಷ್ಣಪ್ಪನವರ ಹತ್ತಿರ. ಪಿಟೀಲು ಚೌಡಯ್ಯನವರ ಗುರುಗಳು ಅಂದರೆ ಬಹಳ ಜನಕ್ಕೆ ಬೇಗ ಗೊತ್ತಾಗುತ್ತದೆ. ಕೃಷ್ಣಪ್ಪನವರು ಉಡುಪಿ ಕಡೆಯ ನಂದಳಿಕೆಯವರು, ಮನೆಮಾತು ಕೊಂಕಣಿ. ಕಛೇರಿ ಅಂದರೆ ತೆಲುಗು, ಸಂಸ್ಕೃತ ಕೃತಿಗಳೇ ಅಂತಿದ್ದ ಕಾಲದಲ್ಲಿ ದಾಸರ ದೇವರನಾಮಗಳನ್ನು ಕಛೇರಿಯಲ್ಲಿ ಎತ್ತಿ ಹಿಡಿದವರು. ನೋಡಿ, ಕೊಂಕಣಿ ಮನೆಯ ಗುರು ಕನ್ನಡ ಪದಕ್ಕೆ ಮರ್ಯಾದೆ ತಂದರು. ಅವರ ತೆಲುಗು ಶಿಷ್ಯ ಸಂಗೀತದ ಪುಸ್ತಕ ಬರೆದದ್ದು ಕನ್ನಡದಲ್ಲಿ. ಇಂಥ ಕಡೆ ಭಾಷೆ ಯಾರ ಸ್ವತ್ತು ಅಂತ ಪಹಣಿ ತೆಗೆಸಿ ನೋಡುವುದು ಹೇಗೆ?

ಇನ್ನು ತಾಮ್ರದ ತಗಡಿನ ಕಥೆ. ತಾಳ್ಲಪಾಕದ ಅನ್ನಮಾಚಾರ್ಯರು 1408ರಿಂದ 1503ರವರೆಗೆ ಬಾಳಿದವರು. 32,000 ಕೀರ್ತನೆ ಹಾಡಿದರು ಅಂತ ಪ್ರತೀತಿ. ಈಗ ಸಿಕ್ಕಿರುವುದು 12ರಿಂದ 14 ಸಾವಿರ. ಅವರ ಮನೆತನದವರು ಅವನ್ನು ತಾಮ್ರದ ತಗಡುಗಳ ಮೇಲೆ ಕೆತ್ತಿಸಿ ತಿರುಮಲೆಯ ದೇವಸ್ಥಾನದ ಒಂದು ಚಿಕ್ಕ ಕೋಣೆಯಲ್ಲಿಟ್ಟರು. ಅಲ್ಲಿಯೇ ಅವು ಕೇಳುವವರಿಲ್ಲದೆ ಶತಮಾನಗಳ ಕಾಲ ಉಳಿದವು. ಇಪ್ಪತ್ತನೇ ಶತಮಾನದಲ್ಲಿ ಹೊರಗೆ ತಂದು ಓದಿ ಅಚ್ಚು ಹಾಕಿಸುವ ಕೆಲಸ ನಡೆಯಿತು. ವೇಟೂರಿ ಪ್ರಭಾಕರ ಶಾಸ್ತ್ರಿಗಳು ಅದಕ್ಕಾಗಿ ದುಡಿದು 1950ರಲ್ಲಿ ತೀರಿಕೊಂಡರು. ಆಮೇಲೆ ಆ ಕೆಲಸ ಶರ್ಮರ ಹೆಗಲಿಗೆ ಬಂತು. ಮೈಸೂರಿನಲ್ಲಿ ಕೆಲಸ ಮುಗಿಸಿದ್ದವರು ತಿರುಪತಿಯಲ್ಲಿ ಹೊಸದಾಗಿ ಶುರು ಮಾಡಿದರು.

ತಗಡಿನ ಮೇಲೆ ಹಾಡಿನ ಮಾತುಗಳಿದ್ದವು, ತಲೆಯ ಮೇಲೆ ರಾಗದ ಹೆಸರಿತ್ತು. ಅಷ್ಟೇ. ಸ್ವರ ಇಲ್ಲ, ಹೇಗೆ ಹಾಡುತ್ತಿದ್ದರು ಅನ್ನುವುದಕ್ಕೆ ಗುರುತಿಲ್ಲ. ಕೆಲವು ರಾಗಗಳ ಹೆಸರೂ ಈಗ ಬಳಕೆಯಲ್ಲಿಲ್ಲ. ನಮ್ಮ ಅಯ್ನೋರು ಇದನ್ನು ರೈತರ ಮಕ್ಕಳಿಗೆ ತಿಳಿಯುವ ಹಾಗೆ ಹೇಳುತ್ತಿದ್ದರು: "ತಗಡು ಅಂದ್ರೆ ಹಗೇವು ಇದ್ದಂಗೆ ಕಣ್ರೋ. ರಾಗಿ ಕೆಡೋದಿಲ್ಲ, ನಿಜ. ಆದ್ರೆ ಯಾರಾದ್ರೂ ಒಬ್ಬ ಇಳಿದು ಮೊರಕ್ಕೆ ತುಂಬ್ಬೇಕಲ್ಲ. ಇಳಿದೋರು ಅವರು." ಹಗೇವು ಕಂಡವರಿಗೆ ಗೊತ್ತು, ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಕೆಟ್ಟ ಗಾಳಿ ಹೋಗಲಿ ಅಂತ ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಆಮೇಲೆ ಇಳಿಯುತ್ತಾರೆ. ಶರ್ಮರಿಗೆ ಆ ದೀಪ ಮೈಸೂರಿನ 37 ವರ್ಷ ಅಂತ ನನ್ನ ಲೆಕ್ಕ. ಸಾಹಿತ್ಯವೂ ಗೊತ್ತಿದ್ದು ಸಂಗೀತವೂ ಗೊತ್ತಿದ್ದವರಿಗೆ ಮಾತ್ರ ಆಗುವ ಕೆಲಸ ಅದು. ನೂರಕ್ಕೂ ಹೆಚ್ಚು ಕೀರ್ತನೆಗಳಿಗೆ ಅವರು ಧಾಟಿ ಹಾಕಿ ಸ್ವರ ಬರೆದರು. ಅವರ ಹಿಂದೆ ನೇದುನೂರಿ ಕೃಷ್ಣಮೂರ್ತಿ, ಬಾಲಕೃಷ್ಣಪ್ರಸಾದ್ ಮುಂತಾದವರು ಬಂದು ಇನ್ನೂ ನೂರಾರು ಹಾಡುಗಳಿಗೆ ಹಾಕಿದರು. ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿಯಲ್ಲಿ ಅನ್ನಮಾಚಾರ್ಯರು ಮನೆಮನೆಗೆ ಬಂದರು. 1974ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಶರ್ಮರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1979ರಲ್ಲಿ ಅವರು ತೀರಿಕೊಂಡರು. ನಾನು ಹಾಡಿನ ಕ್ಲಾಸಿಗೆ ಕಾಲಿಟ್ಟದ್ದು ಅದರ ಮರುವರ್ಷ.

ಮಾರ್ಕಿಲ್ಲದ ಪೀರಿಯಡ್

ಹಾಡಿನ ಪೀರಿಯಡ್ಡಿಗೆ ಮಾರ್ಕಿಲ್ಲ. ಪರೀಕ್ಷೆ ಹತ್ತಿರ ಬಂದರೆ ಲೆಕ್ಕದ ಮೇಷ್ಟ್ರು ಅದನ್ನು ಸಾಲ ಕೇಳುತ್ತಿದ್ದರು, ನಮ್ಮ ಅಯ್ನೋರು ಕೊಡುತ್ತಿದ್ದರು. ಆದರೆ ಸಂಜೆ ಬೆಲ್ ಹೊಡೆದ ಮೇಲೆ ಅರ್ಧ ಗಂಟೆ ವಸೂಲಿ ಮಾಡುತ್ತಿದ್ದರು, ಬಡ್ಡಿ ಸಮೇತ! ನನ್ನ ಜೊತೆಯವರಲ್ಲಿ ಸಂಗೀತಗಾರರಾದವರು ಯಾರೂ ಇಲ್ಲ. ಒಬ್ಬ ಟೊಮೆಟೊ ಮಂಡಿ ಇಟ್ಟಿದ್ದಾನೆ, ಇಬ್ಬರು ಸಿಪ್ಕಾಟ್ ಫ್ಯಾಕ್ಟರಿಗೆ ಹೋದರು, ಒಬ್ಬಳು ಗುಲಾಬಿ ತೋಟ ನೋಡಿಕೊಳ್ಳುತ್ತಾಳೆ. ಆದರೆ ಒಂದು ವಿಷಯ ನಾನು ಗಮನಿಸಿದ್ದೇನೆ. ಶಾಲೆ ಬಿಟ್ಟು ನಲವತ್ತು ವರ್ಷವಾದರೂ, ಕನ್ನಡ ಪತ್ರಿಕೆ ಓದುವುದನ್ನು ಬಿಟ್ಟವರಿಗೂ, ಆ ಹಾಡುಗಳ ಕನ್ನಡ ಒಂದಕ್ಷರ ತಪ್ಪದೆ ನೆನಪಿದೆ. ಪಾಠದ ಪುಸ್ತಕದ್ದು ಯಾವುದೂ ನೆನಪಿಲ್ಲ.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ತಮಿಳುನಾಡಿನಲ್ಲಿ 2006ರಲ್ಲಿ ತಮಿಳು ಕಲಿಕೆಯ ಕಾಯ್ದೆ ಬಂತು. ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಮೇಲೇರಿತು. ಕನ್ನಡ, ತೆಲುಗು, ಉರ್ದು ಮನೆಯ ಮಕ್ಕಳು ತಮ್ಮ ಭಾಷೆಯನ್ನು ಐಚ್ಛಿಕವಾಗಿ ಓದಬಹುದು ಅಂತಾಯಿತು. 2016ರ ಹತ್ತನೇ ತರಗತಿ ಪರೀಕ್ಷೆಯ ಹೊತ್ತಿಗೆ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. ಅದರ ಸರಿ ತಪ್ಪು ವಾದಿಸಲು ಬೇರೆಯವರಿದ್ದಾರೆ. ಈ ನೆಲದಲ್ಲಿ ಬದುಕುವವರಿಗೆ ತಮಿಳು ಬರಲೇಬೇಕು, ನನಗೂ ಬರುತ್ತದೆ. ನಾನು ಹೇಳುವುದು ಇಷ್ಟೇ: ಮನೆಮಾತು ಮಾರ್ಕಿನ ಪಟ್ಟಿಯ ಅಂಚಿಗೆ ಸರಿದ ಮೇಲೆ, ಮಾರ್ಕಿಲ್ಲದ ಪೀರಿಯಡ್ಡೇ ಅದಕ್ಕೆ ಉಳಿದ ಜಾಗ. ಆ ಪೀರಿಯಡ್ಡಿಗೆ ಮೇಷ್ಟ್ರು ಬೇಕು. 2012ರಲ್ಲಿ ಚಿತ್ರಕಲೆ, ಸಂಗೀತ, ವ್ಯಾಯಾಮ, ಹೊಲಿಗೆ ಮುಂತಾದ ವಿಷಯಗಳಿಗೆ ಸರ್ವ ಶಿಕ್ಷಾ ಅಭಿಯಾನದಲ್ಲಿ ರಾಜ್ಯದಾದ್ಯಂತ 16,549 ಅರೆಕಾಲಿಕ ಶಿಕ್ಷಕರನ್ನು ತೆಗೆದುಕೊಂಡರು. ಶುರುವಿನಲ್ಲಿ ತಿಂಗಳಿಗೆ 5,000 ರೂಪಾಯಿ, ವಾರಕ್ಕೆ ಮೂರು ಅರ್ಧ ದಿನ. ಆ ಸಂಬಳಕ್ಕೆ ಬಂದು ಮನಸ್ಸಿಟ್ಟು ಕಲಿಸಿದವರಿಗೆ ಕೈ ಮುಗಿಯಬೇಕು. ನಾನು ಓದಿದ ಶಾಲೆಯಲ್ಲಿ ಮಾತ್ರ ನಮ್ಮ ಅಯ್ನೋರು ನಿವೃತ್ತರಾದ ಮೇಲೆ ಹಾರ್ಮೋನಿಯಂ ಬೀರುವಿನ ಮೇಲೆ ಹೋಯಿತು. ಬೆಳಗಿನ ಪ್ರಾರ್ಥನೆಗೆ ಈಗ ಸ್ಪೀಕರ್ ಪೆಟ್ಟಿಗೆ ಹಾಡುತ್ತದೆ, ಮಕ್ಕಳು ನಿಂತಿರುತ್ತಾರೆ.

ಅಯ್ನೋರು ತೀರಿಕೊಂಡು ಕೆಲವು ವರ್ಷವಾಯಿತು. ಹೋದ ವರ್ಷ ಅವರ ಮಗಳು ಫೋನು ಮಾಡಿ, "ಅಣ್ಣಾ, ಅಪ್ಪನ ನೋಟ್‌ಬುಕ್ಕು ಇದಾವೆ, ಗೆದ್ದಲು ಹಿಡಿಯೋಕೆ ಮುಂಚೆ ತಗೊಂಡ್ ಹೋಗಿ" ಅಂದರು. ಹೋಗಿ ತಂದೆ. ನಾಲ್ಕು ಉದ್ದ ಪುಸ್ತಕ, ಅಂಗಡಿಯವರು ಲೆಕ್ಕ ಬರೆಯುವಂಥದ್ದು. ಕನ್ನಡ, ತೆಲುಗು, ತಮಿಳು ಮೂರನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದಾರೆ. ಪ್ರತಿ ಹಾಡಿನ ಮೇಲೂ ಸ್ವರ ಇದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಕೆಂಪು ಇಂಕಿನ ಚುಕ್ಕೆ ಇದೆ. ಎಂಟನೇ ಕ್ಲಾಸಿನಲ್ಲಿ ನಾನು ಮೊದಲು ಬರೆದ ಎರಡು ಪದ್ಯ, ಒಂದು ಆಟವೆಲದಿ ಒಂದು ತ್ರಿಪದಿ, ಮೂರನೇ ಪುಸ್ತಕದಲ್ಲಿವೆ. ಅವಕ್ಕೂ ಸ್ವರ ಹಾಕಿದ್ದಾರೆ, ನನಗೆ ಹೇಳಿರಲಿಲ್ಲ.

ಹೊಸೂರು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮಾಡಿಸಿ ಒಂಬತ್ತು ಪ್ರತಿ ಕಟ್ಟಿಸಿದೆ. ಮಂಡಿಯವನು ಒಂದು ಕೇಳಿದ, ತೋಟದವಳು ಒಂದು ಕೇಳಿದಳು. ಒಂದನ್ನು ಶಾಲೆಗೆ ಕೊಟ್ಟೆ. ಹೆಡ್‌ಮಾಸ್ಟರು ಒಳ್ಳೆಯವರು, ಶುಕ್ರವಾರ ಕೊನೆಯ ಪೀರಿಯಡ್ಡಿಗೆ ಬಂದು ನೀವೇ ಹೇಳಿಕೊಡಿ ಅಂದಿದ್ದಾರೆ. ಬೀರುವಿನ ಮೇಲಿಂದ ಹಾರ್ಮೋನಿಯಂ ಇಳಿಸಿದ್ದಾಯಿತು. ತಿದಿಯ ತೇಪೆ ಗಟ್ಟಿಯಾಗಿದೆ, ಎರಡು ಮನೆ ಏಳುವುದಿಲ್ಲ. ಮೋಹನಕ್ಕೆ ಆ ಎರಡು ಬೇಕಾಗಿಲ್ಲ.